ಗೋಣಿಯ ಮೇಲಿನ ತಲೆಕಟ್ಟು

ಮೂವತ್ತು ಚೀಲ ಮೆಣಸಿನಕಾಯಿ ಅದಲುಬದಲಾಗಿದೆ, ಓದಲು ಬಾರದ ಹಮಾಲರ ಮುಕಾದಮನಿಂದ ಹೀಗಾಗಿದೆ, ಇನ್ನು ಈ ಕನ್ನಡ ಅಕ್ಷರ ಸಾಕು, ಬಂದು ಇಂಗ್ಲಿಷ್ ನಂಬರು ಮಾಡಿಕೊಡಿ. ಬ್ಯಾಡಗಿಯ ಕೋಲ್ಡ್ ಸ್ಟೋರೇಜೊಂದರ ಮ್ಯಾನೇಜರು ಫೋನಿನಲ್ಲಿ ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದಾಗ ನಾನು ರಾಣೆಬೆನ್ನೂರಿನ ನನ್ನ ಕೋಣೆಯಲ್ಲಿ ಒಂದು ‘ಕ್ಷ’ದ ಹೊಟ್ಟೆ ಸರಿಮಾಡುತ್ತ ಕೂತಿದ್ದೆ. ಅಕ್ಷರ ಬರೆಯುವುದು ನನ್ನ ಕಸುಬು. ಬೀಜದ ಪಾಕೀಟಿನ ಮೇಲಿನ ಹೆಸರು, ಅಂಗಡಿಯ ಬೋರ್ಡು, ಕಂಪ್ಯೂಟರಿನ ಫಾಂಟು, ಯಾವುದಾದರೂ ಸೈ. ಆ ಕೋಲ್ಡ್ ಸ್ಟೋರೇಜಿನ ಚೀಲಗಳ ಮೇಲಿದ್ದ ಅಕ್ಷರಗಳೂ ನನ್ನವೇ. ಹಾಗಾಗಿ ಫೋನ್ ಇಟ್ಟ ಕೂಡಲೇ ನನಗೆ ಬಂದದ್ದು ಸಿಟ್ಟು. ನಾನು ಬರೆದ ಅಕ್ಷರ ಓದಲು ಬರುವುದಿಲ್ಲವೆಂದರೆ ಆ ಮನುಷ್ಯ ಓದಲು ಕಲಿಯಲಿ ಎಂದುಕೊಂಡೆ. ಈಗ ಬರೆಯುವಾಗಲೂ ಆ ಮಾತಿಗೆ ನಾಚಿಕೆಯಾಗುತ್ತದೆ.

ಅಲ್ಲಿನ ಪದ್ಧತಿ ಹೀಗೆ. ಸುಗ್ಗಿಯಲ್ಲಿ ಬಂದ ಮೆಣಸಿನಕಾಯಿ ಚೀಲಗಳನ್ನು ತಣ್ಣನೆಯ ಕೋಣೆಗಳಲ್ಲಿ ಒಟ್ಟುತ್ತಾರೆ. ಒಬ್ಬೊಬ್ಬ ವ್ಯಾಪಾರಿಯ ಮಾಲಿಗೂ ಎರಡಕ್ಷರದ ಗುರುತು. ತಗಡಿನಲ್ಲಿ ಕೊರೆದ ಅಚ್ಚನ್ನು ಚೀಲದ ಮೇಲಿಟ್ಟು ಮಸಿ ಬಡಿದರೆ ಗುರುತು ಮೂಡುತ್ತದೆ. ವ್ಯಾಪಾರಿ ಮಾಲು ಬಿಡಿಸಿಕೊಳ್ಳಲು ಬಂದಾಗ ಹಮಾಲರು ಆ ಗುರುತು ಹುಡುಕಿ ಚೀಲ ಎಳೆಯುತ್ತಾರೆ. ನಂಬರಿನ ಬದಲು ಅಕ್ಷರ ಏಕೆ ಎಂದು ಕೇಳಿದರೆ ಎಲ್ಲರೂ ಹೇಳುವುದು ಒಂದೇ: ಕೋಲ್ಡ್ ಸ್ಟೋರೇಜಿನ ಮಾಲೀಕರಾದ ಸಾಹುಕಾರರ ತಂದೆಯ ಕಾಲದಿಂದ ನಡೆದುಬಂದಿದೆ, ಅಷ್ಟೇ.

ಹಳೆಯ ಅಚ್ಚುಗಳನ್ನು ಕೊರೆದಿದ್ದ ಪೇಂಟರು ತೀರಿಕೊಂಡು ಬಹಳ ದಿನವಾಗಿತ್ತು. ತಗಡುಗಳೂ ತುಕ್ಕು ಹಿಡಿದು ತೂತು ಬಿದ್ದಿದ್ದವು. ಹೊಸದನ್ನು ಮಾಡಿಕೊಡಿ ಎಂದು ಸಾಹುಕಾರರು ಹೋದ ಸುಗ್ಗಿಗೆ ಮುಂಚೆ ನನ್ನನ್ನು ಕರೆಸಿದಾಗ ಆ ತಗಡುಗಳನ್ನು ನೋಡಿ ನನಗೆ ನಗು ಬಂದಿತ್ತು. ಅಕ್ಷರದ ನೆತ್ತಿಯ ಮೇಲೆ ಕುಡುಗೋಲಿನಷ್ಟು ದಪ್ಪ ತಲೆಕಟ್ಟು, ಕೆಳಗೆ ಹರಕು ಮುರುಕು ಪಾದ. ಅಚ್ಚಿನ ಕೆಲಸದಲ್ಲಿ ಒಂದು ತೊಡಕಿದೆ. ತಗಡಿನಲ್ಲಿ ‘ರ’ ಕೊರೆದರೆ ನಡುವಿನ ದುಂಡು ತುಂಡು ಉದುರಿಬಿಡುತ್ತದೆ. ಅದು ಬೀಳದಂತೆ ಅಲ್ಲಲ್ಲಿ ತಗಡಿನ ಸಣ್ಣ ಕೊಂಡಿಗಳನ್ನು ಕೊರೆಯದೆ ಬಿಡಬೇಕು. ಮಸಿ ಬಡಿದಾಗ ಕೊಂಡಿಯಿದ್ದ ಜಾಗ ಖಾಲಿ ಉಳಿಯುತ್ತದೆ. ಹಳೆಯ ಪೇಂಟರು ಕೊಂಡಿಗಳನ್ನೆಲ್ಲ ಅಕ್ಷರದ ಕಾಲ ಬುಡದಲ್ಲೇ ತುರುಕಿದ್ದರು. ಎಷ್ಟು ಒರಟು ಕೆಲಸವಪ್ಪಾ ಎನಿಸಿತ್ತು.

ನಾನು ಕಂಪ್ಯೂಟರಿನ ಮುಂದೆ ಎರಡು ತಿಂಗಳು ಕೂತು ಹೊಸ ಅಕ್ಷರ ಮಾಡಿದೆ. ಕೊಂಡಿಗಳನ್ನು ಎಡಕ್ಕೊಂದು, ಬಲಕ್ಕೊಂದು ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಾಗದಂತೆ ಕೂರಿಸಿದೆ. ಜಾಗ ಉಳಿಯಲೆಂದು ತಲೆಕಟ್ಟನ್ನು ಮೊಟಕು ಮಾಡಿದೆ. ಹಾವೇರಿಯಲ್ಲಿ ಲೇಸರ್ ಯಂತ್ರದಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಕೊರೆಸಿದೆ. ಕಾಗದದ ಮೇಲೆ ಮಸಿ ಬಡಿದು ನೋಡಿದರೆ ಕಣ್ಣು ತುಂಬುವಂತಿತ್ತು. ಅದರ ಫೋಟೋ ನೋಡಿದ ನನ್ನ ಕಸುಬಿನ ಗೆಳೆಯರೆಲ್ಲ ಮೆಚ್ಚಿದರು, ನಾನೂ ಉಬ್ಬಿದೆ.

ಫೋನ್ ಬಂದ ಮರುದಿನ ಬೆಳಗಿನ ರೈಲಿಗೆ ಬ್ಯಾಡಗಿಗೆ ಹೋದೆ. ಸುಗ್ಗಿ ಮುಗಿದು ಮಾರುಕಟ್ಟೆ ಖಾಲಿಯಿದ್ದರೂ ಘಾಟು ಹೋಗಿರಲಿಲ್ಲ. ಆಟೋದಿಂದ ಇಳಿಯುತ್ತಲೇ ಸೀನು ಶುರುವಾಯಿತು. ಮ್ಯಾನೇಜರು ಚಹಾ ತರಿಸಿ ಪೂರ್ತಿ ಕಥೆ ಹೇಳಿದರು. ‘ರಠ’ ಗುರುತಿನದು ಗಿಡ್ಡ, ದಪ್ಪನೆಯ ಡಬ್ಬಿ ಮೆಣಸಿನಕಾಯಿ, ‘ಠರ’ ಗುರುತಿನದು ಉದ್ದ, ತೆಳ್ಳನೆಯ ಕಡ್ಡಿ. ಡಬ್ಬಿ ಕೊಡಬೇಕಾದವರಿಗೆ ಮೂವತ್ತು ಚೀಲ ಕಡ್ಡಿ ಹೋಗಿತ್ತು. ವ್ಯಾಪಾರಿ ಬಂದು ಅಂಗಳದಲ್ಲಿ ನಿಂತು ಬಾಯಿಗೆ ಬಂದಂತೆ ಬೈದು ಹೋಗಿದ್ದ. ಹಮಾಲರ ಮುಖಂಡರಾದ ಮುಕಾದಮರಿಗೆ ಓದು ಬರುವುದಿಲ್ಲ, ಇಷ್ಟು ವರ್ಷ ಅಂದಾಜಿನ ಮೇಲೆ ನಡೆಸಿದ್ದಾರೆ, ತಿಂಗಳ ಕೊನೆಗೆ ಅವರನ್ನು ಬಿಡಿಸಿ ಶಾಲೆ ಕಲಿತ ಯಾರನ್ನಾದರೂ ಇಟ್ಟುಕೊಳ್ಳುವುದು ಎಂದು ತೀರ್ಮಾನವಾಗಿತ್ತು.

ಮುಕಾದಮರು ಬಾಗಿಲ ಹೊರಗೇ ನಿಂತಿದ್ದರು. ಅರವತ್ತರ ಹತ್ತಿರದ ಮನುಷ್ಯ, ಆ ಬಿಸಿಲಲ್ಲೂ ತಲೆಗೆ ಉಣ್ಣೆಯ ಟೊಪ್ಪಿಗೆ, ಹೆಗಲ ಮೇಲೆ ಕೊಕ್ಕೆ. ಒಳಗಿನ ಮಾತೆಲ್ಲ ಅವರಿಗೆ ಕೇಳಿಸುತ್ತಿತ್ತು. ನಾನೇ ಎದ್ದು, ಕೋಣೆಯೊಳಗೆ ಹೋಗಿ ನೋಡೋಣ ನಡೆಯಿರಿ ಕಾಕಾ ಎಂದೆ. ಅಷ್ಟು ಹೊತ್ತಿಗೂ ನನ್ನ ಮನಸ್ಸಿನಲ್ಲಿದ್ದದ್ದು ಅವರಿಗೆ ಅಕ್ಷರ ಹೇಳಿಕೊಟ್ಟು ಬರುವ ಯೋಚನೆಯೇ.

ದಪ್ಪ ಬಾಗಿಲು ಹಿಂದೆ ಮುಚ್ಚಿಕೊಂಡಿತು. ಒಳಗೆ ಹಲ್ಲು ಕಟಕಟಿಸುವ ಚಳಿ, ಅಮೋನಿಯಾದ ಸಣ್ಣ ವಾಸನೆ, ದೂರದೂರಕ್ಕೆ ಒಂದೊಂದು ಬಲ್ಬು. ನೆಲದಿಂದ ಮಾಳಿಗೆಯವರೆಗೆ ಚೀಲಗಳು. ಚೀಲದ ಹೊಲಿದ ಬಾಯಿ ಪಕ್ಕದ ಚೀಲಗಳ ಸಂದಿಯಲ್ಲಿ ಹುದುಗಿದೆ. ಕಾಣುವುದು ಗುರುತಿರುವ ಮಗ್ಗುಲು ಮಾತ್ರ. ನಾನು ಒಂದು ಚೀಲಕ್ಕೆ ಬೆರಳು ತೋರಿಸಿ ಇದನ್ನು ಓದಿ ಎಂದೆ. ಮುಕಾದಮರು ಟಾರ್ಚು ಹಾಕಿ ನೋಡಿದರು.

“ಇದರ ತಲಿ ಎಲ್ಲೈತಿ ತೋರಸ್ರಿ ಅಕ್ಕಾರ,” ಎಂದರು. “ಆಮ್ಯಾಲ ಓದ್ತೀನಿ.”

ತೋರಿಸಲು ಕೈ ಎತ್ತಿದೆ. ಕೈ ಅಲ್ಲೇ ನಿಂತಿತು. ಚೀಲ ಒಟ್ಟುವಾಗ ಯಾರೂ ಅಕ್ಷರ ಸೀದಾ ಇದೆಯೇ ಎಂದು ನೋಡುವುದಿಲ್ಲ. ಬೆನ್ನಿನಿಂದ ಜಾರಿ ಹೇಗೆ ಬಿತ್ತೋ ಹಾಗೆ. ಅರ್ಧಕ್ಕರ್ಧ ಚೀಲಗಳು ತಲೆಕೆಳಗಾಗಿ ಮಲಗಿರುತ್ತವೆ. ನನ್ನ ಮೊಟಕು ತಲೆಕಟ್ಟನ್ನು ಗೋಣಿಯ ನಾರು ಹೀರಿಬಿಟ್ಟಿತ್ತು. ಉಳಿದದ್ದು ದುಂಡನೆಯ ಎರಡು ಉಂಗುರ, ಒಂದರೊಳಗೆ ಚುಕ್ಕಿ. ಎಡಬಲಕ್ಕೆ ಸರಿಸಮನಾದ ಒಂದೊಂದು ಸೀಳು. ಸೀದಾ ಹಿಡಿದರೆ ‘ರಠ’, ತಿರುಗಿಸಿ ಹಿಡಿದರೆ ‘ಠರ’. ಎರಡಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಯಾವ ಸಮತೋಲಕ್ಕಾಗಿ ನಾನು ಎರಡು ತಿಂಗಳು ಬೆನ್ನು ಬಗ್ಗಿಸಿದ್ದೆನೋ ಅದೇ ಇವರ ಕುತ್ತಿಗೆಗೆ ಬಂದಿತ್ತು. ಆ ಅಕ್ಷರಗಳನ್ನು ಹೆತ್ತ ನನಗೇ ಅವುಗಳ ತಲೆ ಯಾವುದು, ಕಾಲು ಯಾವುದು ತಿಳಿಯಲಿಲ್ಲ.

ಮೂಲೆಯಲ್ಲಿ ನನ್ನ ಅಚ್ಚು ಬರುವ ಮೊದಲಿನ ಸುಗ್ಗಿಯ ಒಂದು ಖಾಲಿ ಚೀಲ ಬಿದ್ದಿತ್ತು, ಹಳೆಯ ಪೇಂಟರ ಅಚ್ಚಿನದು. ಮುಕಾದಮರು ಅದನ್ನು ಕಾಲಿನಿಂದಲೇ ಸರಿಸಿ, ತಿರುಗಿಸದೆಯೇ ಗುರುತನ್ನು ಓದಿ ಹೇಳಿದರು. ಹತ್ತು ಹೆಜ್ಜೆ ದೂರದಿಂದ, ಮಬ್ಬು ಬೆಳಕಿನಲ್ಲಿ, ತಲೆಕೆಳಗಾಗಿದ್ದ ಆ ಗುರುತು ನನಗೂ ಕಂಡಿತು. ಕುಡುಗೋಲಿನಂಥ ತಲೆಕಟ್ಟು ಕೆಳಗೆ, ಹರಕು ಪಾದ ಮೇಲೆ. ತಲೆಕಟ್ಟು ಮಾಸಿದ್ದರೂ ಪಾದದ ಸೀಳುಗಳು ಹೇಳುತ್ತಿದ್ದವು, ಪಾದ ಮಾಸಿದ್ದರೆ ತಲೆಕಟ್ಟು ಹೇಳುತ್ತಿತ್ತು. ಒರಟು ಕೆಲಸವೆಂದು ನಾನು ನಕ್ಕಿದ್ದೆನಲ್ಲ, ಅದನ್ನು ಮಾಡಿದವರು ಈ ಕೋಣೆಯಲ್ಲಿ ನಿಂತು ನಡುಗಿದ್ದರು. ನಾನು ಫ್ಯಾನಿನ ಕೆಳಗೆ ಕೂತಿದ್ದೆ.

ಹೊರಗೆ ಬರುವಾಗ ಮ್ಯಾನೇಜರು ಪಡಸಾಲೆಯಲ್ಲೇ ಸಿಕ್ಕರು. ಸಂಗತಿ ಹೇಳಿದೆ. ಅವರು ದಡ್ಡರಲ್ಲ, ಕೂಡಲೇ ಅರ್ಥವಾಯಿತು. ಅರ್ಥವಾದದ್ದರಿಂದಲೇ ಧ್ವನಿ ತಗ್ಗಿಸಿದರು.

“ಮೇಡಂ, ತಪ್ಪು ನಿಮ್ಮದು ಅಂತ ಇಲ್ಲಿ ಯಾರೂ ಅಂದಿಲ್ಲ. ನೀವ್ಯಾಕ ಮೈಮ್ಯಾಲ ಹಾಕ್ಕೊಳ್ಳಾಕತ್ತೀರಿ? ಅವ್ರಿಗೆ ಹೆಂಗೂ ವಯಸ್ಸಾಗೇತಿ.”

ನಂಬರಿನ ಕೆಲಸ ನನಗೇ ಕೊಡುವುದಾಗಿ, ಗೊತ್ತಿದ್ದ ಇನ್ನೆರಡು ಕೋಲ್ಡ್ ಸ್ಟೋರೇಜುಗಳಿಗೂ ನನ್ನ ಹೆಸರು ಹೇಳುವುದಾಗಿ ಸೇರಿಸಿದರು. ಆಸೆಯಾಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಆ ವರ್ಷ ನನ್ನ ಕೈಯಲ್ಲಿ ಕೆಲಸ ಕಡಿಮೆಯಿತ್ತು. ಕಸುಬಿನವರ ನಡುವೆ ನನಗೊಂದು ಹೆಸರಿತ್ತು, ಅದು ಹಾಳಾಗುವ ಭಯವೂ ಇತ್ತು. ಆದರೆ ಪಡಸಾಲೆಯ ಆಚೆ ಮುಕಾದಮರು ಕೊಕ್ಕೆ ಒರೆಸುತ್ತ ನಿಂತಿದ್ದರು. ಒಳಗೆ ನಡೆದದ್ದು ಅವರಿಗೂ ಗೊತ್ತು, ನನಗೂ ಗೊತ್ತು. ನನ್ನ ಬಾಯಿಯಿಂದ ಏನು ಬರುತ್ತದೆಂದು ಅವರು ಕಾಯುತ್ತಲೂ ಇರಲಿಲ್ಲ. ಅದೇ ನನ್ನನ್ನು ಕೆಣಕಿತು. ಇವಳೂ ಅಷ್ಟೇ ಎಂದು ಆ ಮನುಷ್ಯ ಆಗಲೇ ನನ್ನನ್ನು ಲೆಕ್ಕದಿಂದ ಕೈಬಿಟ್ಟಿದ್ದರು.

ಸೀದಾ ಸಾಹುಕಾರರ ಕೋಣೆಗೆ ಹೋದೆ. ಮುಕಾದಮರನ್ನೂ, ಮ್ಯಾನೇಜರನ್ನೂ ಒಳಗೆ ಕರೆದೆ.

“ಸಾವಕಾರ್ರ, ಆ ಮೂವತ್ತು ಚೀಲ ತಪ್ಪಿಸಿದಾಕಿ ನಾನು,” ಎಂದೆ. “ಇವ್ರಿಗೆ ಓದಾಕ ಬರತೈತಿ. ನನಗ ಬರಿಯಾಕ ಬಂದಿಲ್ಲ.”

ಸಾಹುಕಾರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಹಂಗಾರ ನಿಮ್ಮನ್ನ ಬಿಡಸಬೇಕೇನು?”

“ಬಿಡಸ್ರಿ. ಅವ್ರನ್ನ ಬಿಡಸೂದು ಬ್ಯಾಡ. ನನ್ನ ಬಿಡಸೂದಕಿಂತ ಮೊದಲ ಹದಿನೈದು ದಿನ ಕೊಡ್ರಿ, ಹೊಸ ಅಚ್ಚು ತರ್ತೀನಿ. ಮ್ಯಾನೇಜರೂ ತಮ್ಮ ನಂಬರು ತರಲಿ. ಅಂಗಳದಾಗ ಚೀಲ ಒಗದು ಓದೂಣು.”

ಸಾಹುಕಾರರಿಗೆ ಪಂದ್ಯವೆಂದರೆ ಇಷ್ಟವೆಂದು ಕಾಣುತ್ತದೆ, ಒಪ್ಪಿದರು. ಮ್ಯಾನೇಜರು ನನ್ನ ಕಡೆ ನೋಡಲಿಲ್ಲ. ಮುಕಾದಮರು ನೋಡಿದರು.

ಆ ಹದಿನೈದು ದಿನ ಕಂಪ್ಯೂಟರ್ ಮುಟ್ಟಲಿಲ್ಲ. ಹಾವೇರಿಯಲ್ಲಿ ತಗಡಿನ ಟ್ರಂಕು ಮಾಡುವ ಅಂಗಡಿಯೊಂದರ ಮೂಲೆಯಲ್ಲಿ ಜಾಗ ಕೇಳಿ, ಉಳಿ ಸುತ್ತಿಗೆ ಹಿಡಿದು ಕೂತೆ. ಪ್ಲಾಸ್ಟಿಕ್ ಹಾಳೆ ಮಸಿಯ ಒದ್ದೆಗೆ ಸುರುಳಿ ಸುತ್ತುತ್ತದೆ, ಅಂಚು ಏಳುತ್ತದೆ. ತಗಡು ಅಲುಗದೆ ಕೂರುತ್ತದೆ. ಮೊದಲ ಸಲ ತಲೆಕಟ್ಟನ್ನು ಮೂರು ಪಟ್ಟು ದಪ್ಪ ಮಾಡಿದೆ, ಕೊಂಡಿಗಳನ್ನೆಲ್ಲ ಪಾದಕ್ಕೆ ಇಳಿಸಿದೆ. ಗೋಣಿಯ ತುಂಡುಗಳ ಮೇಲೆ ಬಡಿದು ಬ್ಯಾಡಗಿಗೆ ಒಯ್ದೆ. ಮುಕಾದಮರು ಅಂಗಳದ ಬೇವಿನ ಮರದ ಕೆಳಗೆ ಕೂತರು, ನಾನು ದೂರ ನಿಂತು ಒಂದೊಂದೇ ತುಂಡನ್ನು ಅಡ್ಡಾದಿಡ್ಡಿ ಹಿಡಿದು ತೋರಿಸಿದೆ. ತಲೆ ಯಾವ ಕಡೆಯೆಂದು ಒಂದೂ ತಪ್ಪಲಿಲ್ಲ. ಆದರೆ ‘ಠ’ ಹಿಡಿದಾಗೆಲ್ಲ ‘ರ’ ಎಂದರು. ಹತ್ತಿರ ಹೋಗಿ ನೋಡಿದರೆ ಚುಕ್ಕಿಯ ಮಸಿ ಹರಡಿ ಉಂಗುರಕ್ಕೆ ಅಂಟಿಕೊಂಡು, ಚುಕ್ಕಿಯೇ ಬೇರೆಯಾಗಿ ಕಾಣದೆ ಮಸಿ ಕಟ್ಟಿದ ‘ರ’ದಂತಾಗಿತ್ತು.

ಚುಕ್ಕಿ ಕಾಣಲಿಲ್ಲವೆಂದು ಮರುದಿನ ಅದನ್ನು ಇನ್ನೂ ದೊಡ್ಡದು ಕೊರೆದೆ. ಇನ್ನೂ ಕೆಟ್ಟಿತು. ಹಟಕ್ಕೆ ಬಿದ್ದು ಮತ್ತೆರಡು ತಗಡು ಹಾಳುಮಾಡಿದ ಮೇಲೆ ಬುದ್ಧಿ ಬಂತು. ಗೋಣಿಯ ಮೇಲೆ ಬಿದ್ದ ಮಸಿ ನಾನು ಹೇಳಿದಲ್ಲಿ ನಿಲ್ಲುವುದಿಲ್ಲ, ನಾಲ್ಕೂ ಕಡೆ ಹರಿಯುತ್ತದೆ. ಬೇಕಾದುದಕ್ಕಿಂತ ಸಣ್ಣ ಚುಕ್ಕಿ ಕೊರೆದರೆ ಗೋಣಿಯೇ ಅದನ್ನು ಬೇಕಾದಷ್ಟು ಬೆಳೆಸುತ್ತದೆ. ಉಂಗುರವನ್ನು ಅಗಲ ಮಾಡಿ, ಚುಕ್ಕಿಯನ್ನು ಜೋಳದ ಕಾಳಿನಷ್ಟಕ್ಕೆ ಇಳಿಸಿದೆ. ತಗಡಿನಲ್ಲಿ ನೋಡಿದರೆ ಅಳತೆ ತಪ್ಪಿದ ಅಕ್ಷರ. ಗೋಣಿಯ ಮೇಲೆ ಬಂದರೆ ಮೂವತ್ತು ಹೆಜ್ಜೆಯಿಂದ ‘ಠ’.

ಅದರ ಫೋಟೋವನ್ನು ಹಿಂದೆ ಮೆಚ್ಚಿದ್ದ ಗೆಳೆಯರೊಬ್ಬರಿಗೆ ಕಳಿಸಿದೆ. ಅಕ್ಷರ ಕುಂಟುತ್ತಿದೆ, ತಲೆಭಾರ ಹೆಚ್ಚಾಗಿದೆ, ನಿಮ್ಮ ಕೈಯೇ ಇದು ಎಂದು ಕೇಳಿದರು. ನನ್ನ ಕೈಯೇ, ಚೆಂದ ನೋಡುವವರು ಮದುವೆ ಪತ್ರಿಕೆ ನೋಡಲಿ ಎಂದು ಬರೆದು ಫೋನ್ ಚೀಲಕ್ಕೆ ಹಾಕಿದೆ. ಎಷ್ಟೋ ವರ್ಷಗಳಿಂದ ಅವರ ಮೆಚ್ಚುಗೆಗಾಗಿ ಕಾದವಳು ನಾನು. ಅಂದು ಏನೂ ಅನ್ನಿಸಲಿಲ್ಲ, ಹಗುರವಾಯಿತು.

ಪಂದ್ಯದ ದಿನ ಅಂಗಳದಲ್ಲಿ ಜನ ಸೇರಿತು. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರು ಕೆಲಸ ಬಿಟ್ಟು ಸೆರಗಿನಿಂದ ಮೂಗು ಮುಚ್ಚಿಕೊಂಡು ಸಾಲಾಗಿ ಕೂತರು. ಹಮಾಲರು ಇಪ್ಪತ್ತು ಚೀಲ ನನ್ನ ಅಚ್ಚಿನವು, ಇಪ್ಪತ್ತು ನಂಬರಿನವು ತಂದು ಬೆನ್ನಿನಿಂದ ಹೇಗೆ ಬೀಳುತ್ತವೋ ಹಾಗೆ ಕೆಡವಿದರು. ಮುಕಾದಮರು ದೂರದಲ್ಲಿ ನಿಂತು ನನ್ನ ಇಪ್ಪತ್ತನ್ನೂ ಒಂದರ ಹಿಂದೊಂದು ಕೂಗಿದರು. ತಲೆಕೆಳಗಾಗಿದ್ದ ‘ಠರ’ ಬಂದಾಗ ಅರೆಕ್ಷಣ ತಡೆದರು. ಸರಿಯಾಗಿ ‘ಠರ’ ಎಂದೇ ಓದಿದರು. ಆಮೇಲೆ ಹೇಳಿದರು, ಸೀನು ಬಂದಿತ್ತಂತೆ.

ನಂಬರುಗಳನ್ನು ಮ್ಯಾನೇಜರೇ ಓದುತ್ತೇನೆಂದು ಮುಂದೆ ಬಂದರು. ನಾಲ್ಕನೆಯ ಚೀಲಕ್ಕೆ 89 ಎಂದರು. ಹಮಾಲನೊಬ್ಬ ಚೀಲ ತಿರುಗಿಸಿ ಇಟ್ಟ, 68. ಹೆಂಗಸರ ಸಾಲಿನಲ್ಲಿ ನಗೆಯೆದ್ದಿತು. ಆಗ ಸಾಹುಕಾರರಿಗೆ ನೆನಪಾಯಿತು, ಅವರ ತಂದೆ ಒಂದು ಸುಗ್ಗಿ ನಂಬರು ಹಾಕಿಸಿ ಇದೇ ಕಾರಣಕ್ಕೆ ಕೈಬಿಟ್ಟಿದ್ದರಂತೆ. ನಂಬರಿನ ಕೆಳಗೊಂದು ಗೆರೆ ಎಳೆದರೆ ಸಾಕಲ್ಲವೇ ಎಂದರು ಮ್ಯಾನೇಜರು. ನಾನೂ ಬಿಡಲಿಲ್ಲ.

“ಎಳೀರಿ. ನಮ್ಮ ಅಕ್ಷರಕ್ಕ ಆ ಗೆರಿ ಹುಟ್ಟಿದಾಗಿಂದನ ಐತ್ರಿ, ತಲಿ ಮ್ಯಾಲ. ನಾನ ಅದನ್ನ ಕತ್ತರಿಸಿದ್ದೆ.”

ಅಚ್ಚು ಉಳಿಯಿತು, ಮುಕಾದಮರೂ ಉಳಿದರು. ಕಥೆ ಇಲ್ಲಿಗೆ ಮುಗಿದರೆ ಚೆನ್ನಾಗಿತ್ತು. ಆದರೆ ಆ ಮೂವತ್ತು ಚೀಲಗಳ ಬಗ್ಗೆ ಆಫೀಸಿನ ರಿಜಿಸ್ಟರಿನಲ್ಲಿ “ಓದಲು ಬಾರದ ಹಮಾಲರ ಅಲಕ್ಷ್ಯ” ಎಂದು ಬರೆದದ್ದು ಹಾಗೇ ಇತ್ತು. ಅದನ್ನು ಹೊಡೆದುಹಾಕಿ ಎಂದು ಮ್ಯಾನೇಜರನ್ನು ಕೇಳಿದೆ. ಒಮ್ಮೆ ಬರೆದದ್ದು ಬರೆದದ್ದೇ ಎಂದರು. ಅಕ್ಷರ ಬರೆದು ಬದುಕುವವಳಿಗೆ ಹೇಳುವ ಮಾತೇ ಅದು! ಮುಕಾದಮರು ಹೋಗಲಿ ಬಿಡಿ ಎಂದರು. ನಾನು ಬಿಡಲಿಲ್ಲ. ಬ್ರಷ್ಷು ಡಬ್ಬಿ ತಂದು, ಚೀಲ ಏರಿಸುವ ಶೆಡ್ಡಿನಲ್ಲಿ, ಆಫೀಸಿನ ಕಿಟಕಿಗೆ ಎದುರಾದ ಗೋಡೆಯ ಮೇಲೆ ಮೊಣಕೈ ಉದ್ದದ ಅಕ್ಷರಗಳಲ್ಲಿ ಬರೆದೆ: ಮೂವತ್ತು ಚೀಲ ತಪ್ಪಿದ್ದು ಬರೆದವಳಿಂದ, ಓದಿದವರಿಂದಲ್ಲ. ಕೆಳಗೆ ನನ್ನ ಸಹಿ ಹಾಕಿದೆ.

ಮರುವಾರ ಹೋದಾಗ ಗೋಡೆಗೆ ಸುಣ್ಣ ಬಳಿದಿತ್ತು. ನೋಡಲು ಬಂದ ವ್ಯಾಪಾರಿಗಳು ಏನೆಂದುಕೊಳ್ಳುತ್ತಾರೆ ಎಂಬುದು ಮ್ಯಾನೇಜರ ವಾದ. ಸುಣ್ಣ ಒಣಗಿತ್ತು, ಅದರ ಮೇಲೆ ಎಣ್ಣೆ ಬಣ್ಣದಲ್ಲಿ ಮತ್ತೆ ಬರೆದೆ. ಅದನ್ನೂ ಬಳಿಸಿದರು. ಸಾಹುಕಾರರು ಎರಡೂ ಸಲ ಕಂಡೂ ಕಾಣದವರಂತೆ ಇದ್ದರು.

ಮೂರನೆಯ ಸಲ ಏಣಿ ಹಾಕಿಕೊಂಡು ಹತ್ತಿದೆ. ಅದೇ ಸಾಲು, ಅದೇ ಅಳತೆ, ಮೂರು ಪಟ್ಟು ದಪ್ಪ ತಲೆಕಟ್ಟು. ಆದರೆ ಈ ಸಲ ಬಲದಿಂದ ಶುರುಮಾಡಿ, ಇಡೀ ಸಾಲನ್ನು ತಲೆಕೆಳಗಾಗಿ ಬರೆದೆ. ಅರ್ಧ ಮುಗಿಯುವಷ್ಟರಲ್ಲಿ ಹಮಾಲರು ಹಿಂದೆ ನಿಂತು ಒಂದೊಂದೇ ಅಕ್ಷರ ಕೂಡಿಸಿ ಓದಲು ಶುರುಮಾಡಿದ್ದರು. ನಾನು ಇಳಿದು ಕೈ ಒರೆಸಿಕೊಳ್ಳುವಾಗ ಮ್ಯಾನೇಜರು ಆಫೀಸಿನಿಂದ ಹೊರಬಂದರು. ಗೋಡೆ ನೋಡಿದರು. ಕುತ್ತಿಗೆ ಎಡಕ್ಕೆ ಹೊರಳಿಸಿದರು, ಬಲಕ್ಕೆ ಹೊರಳಿಸಿದರು. ಕೊನೆಗೆ ಪಕ್ಕದಲ್ಲಿದ್ದ ಮುಕಾದಮರನ್ನು, ಏನು ಬರೆದಿದ್ದಾರೆ ಅದು ಎಂದು ಕೇಳಿದರು.

ಮುಕಾದಮರು ಚೀಲಕ್ಕೆ ಕೊಕ್ಕೆ ಹಾಕಿ ಬೆನ್ನಿಗೆ ಏರಿಸಿಕೊಂಡರು.

“ಯಾಕ್ರಿ ಸಾಹೇಬ್ರ,” ಎಂದರು, “ನಿಮಗ ಓದಾಕ ಬರೂದಿಲ್ಲೇನ್ರಿ?”